ಮುಚ್ಚಳ ಎತ್ತಿದವರು

ಹಬ್ಬಕ್ಕೆ ಒಂದೇ ದಿನ ಉಳಿದಿರುವಾಗ ವೆಂಡೆಲ್ ಕುಬಿಚೆಕ್‌ನ ಮನೆಯ ಓವನ್ ಟಪ್ಪೆಂದು ಸದ್ದು ಮಾಡಿ ತಣ್ಣಗಾಯಿತು. ರಿಪೇರಿಯವನು, ಇನ್ನು ಸೋಮವಾರವೇ ಬರುವುದು ಎಂದುಬಿಟ್ಟ.

"ಅಮ್ಮಂಗೆ ಫೋನ್ ಮಾಡ್ತೀನಿ ಕಣ್ರಿ. ಈ ಸಲಾನೂ ನಾವೇ ಅಲ್ಲಿಗೆ ಹೋದ್ರಾಯ್ತು," ಎಂದಳು ಹೆಂಡತಿ ಜೋಲೀನ್.

ಮಾತು ನೇರವಾಗಿ ಹೋಗಿ ವೆಂಡೆಲನ ಬೆನ್ನಿಗೆ ನಾಟಿತು. ಹನ್ನೊಂದು ವರ್ಷ ಅವನು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆಂದು ನೆಬ್ರಾಸ್ಕಾ ರಾಜ್ಯದ ಈ ತುದಿಯಿಂದ ಆ ತುದಿಗೆ ಐದು ಗಂಟೆ ಹಿಮದ ರಸ್ತೆಯಲ್ಲಿ ಕಾರು ಓಡಿಸಿ, ಅತ್ತೆ ಆರ್ಡಿತ್ ಅವರ ನೆಲಮಾಳಿಗೆಯ ಮಡಚುವ ಮಂಚದಲ್ಲಿ ಮಲಗಿದ್ದ. ಆ ಮಂಚದ ನಡುವಿನ ಸರಳಿಗೆ ಅವನ ಬೆನ್ನೆಲುಬುಗಳೆಲ್ಲ ಹೆಸರು ಸಮೇತ ಪರಿಚಯ. ಈ ವರ್ಷ ಅತ್ತೆ ತಾವೇ ಇಲ್ಲಿಗೆ ಬರಲು ಒಪ್ಪಿದ್ದರು. ಊಟ ಚೆನ್ನಾಗಿದ್ದರೆ ಸರಿ, ಇಲ್ಲವಾದರೆ ಮುಂದಿನ ವರ್ಷದಿಂದ ಹಳೆಯ ಪದ್ಧತಿಯೇ ಎಂದಿದ್ದರು.

"ನಿಧಾನಕ್ಕೆ ಬೇಯಿಸೋ ಕರೆಂಟಿನ ಸ್ಲೋ ಕುಕ್ಕರ್ ಇದೆಯಲ್ಲ," ಎಂದ ವೆಂಡೆಲ್.

"ಅದ್ರಲ್ಲಿ ಇಡೀ ಟರ್ಕಿ ಕೋಳಿ ಎಲ್ಲಿ ಹಿಡಿಯುತ್ತೆ?"

"ಎದೆ ಭಾಗ ಹಿಡಿಯುತ್ತೆ. ಕಾಲು ಈ ವರ್ಷ ರಜೆ ಮೇಲಿದೆ ಅನ್ನು."

ಹಬ್ಬದ ಬೆಳಿಗ್ಗೆ ಆರಕ್ಕೆ ಈರುಳ್ಳಿ, ಸೆಲರಿ, ಬೆಣ್ಣೆಯ ಮೇಲೆ ಮಾಂಸವಿಟ್ಟು ಸಣ್ಣ ಶಾಖಕ್ಕೆ ಗುಂಡಿ ತಿರುಗಿಸಿದ. ಏಳು ಗಂಟೆ ಬೇಯಬೇಕು, ಒಂದು ಸಲ ಮುಚ್ಚಳ ಎತ್ತಿದರೆ ಶಾಖ ಹೊರಹೋಗಿ ಅರ್ಧ ಗಂಟೆ ಹೆಚ್ಚಿಗೆ ಎಂದು ಕುಕ್ಕರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿತ್ತು. ಒಂದು ಗಂಟೆಗೆ ಊಟ. ಲೆಕ್ಕ ಸರಿಯಾಗಿತ್ತು.

ಆದರೆ ಆ ಊರಲ್ಲಿ ಒಂದು ಮರ್ಯಾದೆಯಿತ್ತು. ಯಾರ ಅಡುಗೆಮನೆಗೆ ಕಾಲಿಟ್ಟರೂ ಮುಚ್ಚಳ ಎತ್ತಿ, ಮೂಸಿ, ಒಂದು ಒಳ್ಳೆಯ ಮಾತು ಆಡಬೇಕು. ಬೇಡ ಅನ್ನುವುದು, ಬಂದವರನ್ನು ಕೂರಿಸದೆ ಕಳಿಸಿದ ಹಾಗೆ. ವೆಂಡೆಲನಿಗೋ ಹುಟ್ಟಿದಾಗಿನಿಂದ ಬೇಡ ಅನ್ನಲು ಬಾರದು.

ಏಳೂವರೆಗೆ ಪಕ್ಕದ ಮನೆಯ ಮೇವಿಸ್ ಅಜ್ಜಿ ಕುಂಬಳಕಾಯಿ ಪೈ ಹಿಡಿದು ಬಂದರು. ಪೈ ಕೆಳಗಿಡುವ ಮೊದಲೇ ಮುಚ್ಚಳ ಮೇಲಿತ್ತು.

"ಆಹಾ, ಏನ್ ಘಮ ಕಣಪ್ಪ."

"ಸಂತೋಷ ಅಜ್ಜಿ," ಎಂದ ವೆಂಡೆಲ್, ಗಡಿಯಾರ ನೋಡುತ್ತ.

ಒಂಬತ್ತಕ್ಕೆ ಎದುರುಮನೆಯ ನಿವೃತ್ತ ಪ್ಲಂಬರ್ ಗೋರ್ಡಿ ಬಂದ. ಅವನು ಮೂಸಿ ಸುಮ್ಮನಾಗುವ ಆಸಾಮಿಯಲ್ಲ.

"ಈ ಹಿಡಿಕೆ ಅಲ್ಲಾಡ್ತಿದೆಯಲ್ಲೋ. ಕೈ ಜಾರಿದ್ರೆ ಏನ್ ಗತಿ? ತಡಿ, ಬಿಗಿ ಮಾಡ್ಕೊಂಡ್ ಬರ್ತೀನಿ." ಮುಚ್ಚಳವನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟಿಯೇಬಿಟ್ಟ. ಅವನು ಮರಳುವ ತನಕ ನಲವತ್ತು ನಿಮಿಷ ವೆಂಡೆಲ್ ಪಾತ್ರೆಯ ಮೇಲೆ ಊಟದ ತಟ್ಟೆಯೊಂದನ್ನು ಅಂಗೈಯಿಂದ ಒತ್ತಿ ಹಿಡಿದು, ಓಡಿಹೋಗುವ ಕಳ್ಳನನ್ನು ಹಿಡಿದವನಂತೆ ನಿಂತಿದ್ದ.

ಹನ್ನೆರಡಕ್ಕೆ ಅತ್ತೆ ಬಂದರು. ಕೋಟು ಬಿಚ್ಚಲಿಲ್ಲ, ಮುಚ್ಚಳ ಎತ್ತಿದರು.

"ಏನಯ್ಯ ವೆಂಡೆಲ್, ಇದಕ್ಕೆ ಜ್ವರ ಬಂದಿದೆಯಾ? ಇಷ್ಟ್ಯಾಕೆ ಬಿಳಚಿಕೊಂಡಿದೆ?"

"ಇದರಲ್ಲಿ ಬೇಯೋದೇ ಹಾಗೆ ಅತ್ತೆ."

"ಹೂಂ. ದಾರೀಲಿ ಒಂದು ಬಿಸ್ಕತ್ತೂ ಬಾಯಿಗೆ ಹಾಕಿಲ್ಲ ನಾನು. ನಿನ್ ಅಡುಗೆಗೇ ಅಂತ ಹೊಟ್ಟೆ ಖಾಲಿ ಇಟ್ಕೊಂಡ್ ಬಂದಿದೀನಿ."

ಒಂದು ಗಂಟೆಗೆ ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರು ಇನ್ನೂ ಹಸಿ ಎಂದಿತು. ಎರಡಕ್ಕೂ ಹಾಗೇ. ಕರೆದಿದ್ದರಿಂದ ಮೇವಿಸ್, ಗೋರ್ಡಿ ಇಬ್ಬರೂ ಊಟಕ್ಕೆ ಬಂದು ಕೂತಿದ್ದರು. ಟರ್ಕಿ ಮೇಜಿಗೆ ಬಂದು ಪ್ರಾರ್ಥನೆಯಾಗುವವರೆಗೆ ಯಾರೂ ಏನನ್ನೂ ಮುಟ್ಟಕೂಡದು ಎಂಬುದು ಅತ್ತೆಯ ಕಟ್ಟಳೆ. ಬನ್ನುಗಳು ಬಟ್ಟೆಯಡಿ ಮಲಗಿದ್ದವು. ಗೋರ್ಡಿಯ ಹೊಟ್ಟೆ ದೂರದ ಟ್ರ್ಯಾಕ್ಟರಿನಂತೆ ಗುರುಗುಟ್ಟಿತು. ಮೂರಕ್ಕೆ, ಆಗಿದೆಯಾ ನೋಡ್ತೀನಿ ಎಂದು ಅಜ್ಜಿ ಮತ್ತೆ ಎತ್ತಿದರು. ಮುಗೀತು ನನ್ನ ಕತೆ ಎಂದುಕೊಂಡ ವೆಂಡೆಲ್.

ನಾಲ್ಕೂವರೆಗೆ ಕೊನೆಗೂ ಬೆಂದಿತು. ಅತ್ತೆ ಪ್ರಾರ್ಥನೆಯನ್ನು ಒಂದೇ ಉಸಿರಿನಲ್ಲಿ ಮುಗಿಸಿದರು. ಆಮೇಲೆ ಕಾಲು ಗಂಟೆ ಮೇಜಿನಲ್ಲಿ ಬರೀ ಚಮಚಗಳ ಸದ್ದು. ಗೋರ್ಡಿ ಮೂರನೇ ಸಲ ಬಡಿಸಿಕೊಂಡ. ಅಜ್ಜಿ ಬನ್ನಿನಿಂದ ತಟ್ಟೆ ಒರೆಸಿದರು.

ಆರ್ಡಿತ್ ಫೋರ್ಕ್ ಕೆಳಗಿಟ್ಟರು. ಕಣ್ಣು ಕೊಂಚ ಒದ್ದೆಯಾಗಿತ್ತು.

"ಮೂವತ್ತು ವರ್ಷ ಅಡುಗೆ ಮಾಡಿದೀನಿ. ಒಂದು ನಿಮಿಷ ತಡ ಮಾಡಿದೋಳಲ್ಲ. ಒಬ್ರೂ ಎರಡನೇ ಸಲ ಕೇಳ್ಲಿಲ್ಲ ನೋಡು. ಸೋತೆ ಕಣಯ್ಯ ನಿಂಗೆ."

ಹಸಿವೆಯ ಗುಟ್ಟು ವೆಂಡೆಲನಿಗೆ ಗೊತ್ತಿತ್ತು, ಹೇಳಲಿಲ್ಲ. ಬೆನ್ನು ತಾನಾಗಿ ನೆಟ್ಟಗಾಯಿತು. "ಹಾಗಾದ್ರೆ ಅತ್ತೆ, ಮುಂದಿನ ವರ್ಷಾನೂ ಇಲ್ಲೇ..."

"ಇಲ್ಲ್ಯಾಕೆ? ಇಂಥ ಕೈರುಚಿ ಬರೀ ಐದು ಜನಕ್ಕಾ? ನಮ್ಮನೇಲಾದ್ರೆ ನೆಂಟರೆಲ್ಲ ಮೂವತ್ತೊಂದು ಜನ ಸೇರ್ತಾರೆ. ಇನ್ನು ನಾನು ಒಲೆ ಮುಟ್ಟಲ್ಲ, ನೀನೇ ಬಂದು ಮಾಡು."

"ಅಷ್ಟು ಜನಕ್ಕೆ ಒಂದು ಕುಕ್ಕರ್ ಎಲ್ಲಿ ಸಾಲುತ್ತಮ್ಮ?" ಎಂದಳು ಜೋಲೀನ್.

"ಒಂದಾದ ಮೇಲೊಂದು ಬೇಯಿಸ್ಲಿ. ನಿಧಾನದ ಅಡುಗೆ, ಹಬ್ಬದ ಹಿಂದಿನ ರಾತ್ರಿ ಬಂದ್ರೆ ಆಗಲ್ಲ." ಅತ್ತೆ ಅಳಿಯನ ಕೈ ತಟ್ಟಿದರು. "ಗುರುವಾರದ ಹಬ್ಬಕ್ಕೆ ಭಾನುವಾರಾನೇ ಬಂದ್ಬಿಡಪ್ಪ."

ಎಲ್ಲರೂ ವೆಂಡೆಲನ ಮುಖ ನೋಡಿದರು.

"ಸಂತೋಷ ಅತ್ತೆ," ಎಂದ ಅವನು.