ಹಾಡು ಕೇಳಿಸಿದಲ್ಲಿ ಅಂಕ ಕಡಿತ

ಸಂಗೀತ ಕಲಿಸುವುದು ಕಾಲೇಜಿನ ಹೊಣೆ. ಜನಪ್ರಿಯತೆಯನ್ನು ಅಭ್ಯರ್ಥಿಯೇ ಮನೆಯಿಂದ ತರತಕ್ಕದ್ದು. ಪಾಪ್ ಸಂಗೀತದ ಪದವಿ ತರಗತಿಯ ಪ್ರವೇಶ ನಿಯಮಗಳಲ್ಲಿ ಇದು ಮೊದಲನೆಯದು. ನೀರು ಸರಬರಾಜು ಕಚೇರಿಯಲ್ಲಿ ಹೆಡ್ ಗುಮಾಸ್ತನಾಗಿ ನಿವೃತ್ತನಾದ ನನಗೆ ಇದರಲ್ಲಿ ಯಾವ ದೋಷವೂ ಕಾಣಲಿಲ್ಲ. ನಮ್ಮ ಕಚೇರಿಯಲ್ಲೂ ನಲ್ಲಿ ನಾವು ಕೊಡುತ್ತಿದ್ದೆವು, ನೀರನ್ನು ಜನರೇ ಎಲ್ಲಿಂದಲೋ ತಂದುಕೊಳ್ಳುತ್ತಿದ್ದರು.

ಅಭ್ಯರ್ಥಿ ನನ್ನ ತಂಗಿಯ ಮಗಳು. ಹುಟ್ಟಿದ ದಿನ ಅವಳು ಅತ್ತದ್ದು ಬೀದಿಯ ಆ ತುದಿಗೂ ಕೇಳಿಸಿದ್ದರಿಂದ ಪೀಪಿ ಎಂಬ ಹೆಸರು ಬಿತ್ತು, ಅದೇ ಉಳಿಯಿತು. ಅವಳಪ್ಪ, ಅಂದರೆ ನನ್ನ ಭಾವ, ಲಾಂಡ್ರಿ ಇಟ್ಟುಕೊಂಡಿದ್ದಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿಯಾದ ಅಂಗಿಗಳು ಸಾಲುಸಾಲಾಗಿ ತೂಗುತ್ತಿರುತ್ತವೆ. ಅವುಗಳ ನಡುವೆ ನಿಂತು ಹಾಡಿದರೆ ದನಿ ಗೋಡೆಗೆ ಬಡಿಯದೆ ಮೆತ್ತಗೆ ವಾಪಸು ಬರುತ್ತದೆ. ಪೀಪಿ ಅಲ್ಲೇ ನಿಂತು, ತಾನೇ ಕಟ್ಟಿದ ಹಾಡೊಂದನ್ನು ಆಡಿಷನ್ನಿಗೆಂದು ತಿದ್ದಿ ತೀಡುತ್ತಿದ್ದಳು.

"ಮಾವ, ಸಂಗೀತ ಗೊತ್ತಿರೋರು ನನ್ನ ಹಾಡು ಒಂದೇ ಒಂದ್ಸಲ ಪೂರ್ತಿ ಕೇಳಿದ್ರೆ ಸಾಕು. ಸೀಟು ಸಿಗುತ್ತೆ" ಎನ್ನುತ್ತಿದ್ದಳು. ಆಸೆ ಸಣ್ಣದೇ, ಆದರೆ ನಿಯಮಕ್ಕೆ ವಿರುದ್ಧವಾಗಿತ್ತು.

ನಿಯಮಗಳು ಇಂತಿದ್ದವು. ಅಭ್ಯರ್ಥಿಯು ತನ್ನ ಅಭಿಮಾನಿಗಳೊಂದಿಗೆ ಹಾಜರಾಗತಕ್ಕದ್ದು. ಅಂಕಗಳನ್ನು ಚಪ್ಪಾಳೆ, ಕಿರುಚಾಟ, ಕಣ್ಣೀರು ಮತ್ತು ಮೂರ್ಛೆ ಎಂದು ವಿಂಗಡಿಸಲಾಗಿದ್ದು, ಏನಾದರೂ ಉಳಿದಲ್ಲಿ ಅದನ್ನು ಹಾಡಿಗೆ ಪರಿಗಣಿಸಲಾಗುವುದು. ಹಾಡು ಸ್ಪಷ್ಟವಾಗಿ ಕೇಳಿಸಿದಲ್ಲಿ ಅಭಿಮಾನ ಸಾಲದೆಂದು ತಿಳಿದು ಅಂಕ ಕಡಿತಗೊಳಿಸಲಾಗುವುದು. ಅಭಿಮಾನಿಯೊಬ್ಬರು ಹಾಡನ್ನು ಆಲಿಸುತ್ತಿರುವುದು ಕಂಡುಬಂದಲ್ಲಿ ಅದು ಪರೀಕ್ಷಾ ಅಕ್ರಮವಾಗಿದ್ದು, ಇಡೀ ತಂಡದ ಫಲಿತಾಂಶವನ್ನು ರದ್ದುಪಡಿಸಲಾಗುವುದು.

ಸಂಶಯ ಪರಿಹಾರಕ್ಕಾಗಿ ನಾನು ಕಾಲೇಜಿನ ವಿಚಾರಣಾ ಕೌಂಟರಿಗೆ ಹೋದೆ. ಅಲ್ಲಿದ್ದ ಹೆಂಗಸು ಉಗುರಿನ ಬಣ್ಣ ಒಣಗಲೆಂದು ಕೈ ಗಾಳಿಯಲ್ಲಿ ಹಿಡಿದುಕೊಂಡಿದ್ದರು.

"ಅಭಿಮಾನಿಗಳು ಮನೆಯವರೇ ಆಗ್ಬಹುದಾ ಮೇಡಂ?"

"ಆಗ್ಬಹುದು ಸಾರ್. ಆದ್ರೆ ಸಂಬಂಧ ಗೊತ್ತಾಗ್ಬಾರದು."

"ಮತ್ತೆ ಹುಡುಗಿ ಹಾಡೋದು?"

"ಅದು ಅವರ ಸ್ವಂತ ವಿಚಾರ. ಕಾಲೇಜು ಅದರಲ್ಲಿ ತಲೆ ಹಾಕಲ್ಲ."

ಇಷ್ಟು ಸ್ಪಷ್ಟ ಉತ್ತರ ನಮ್ಮ ಕಚೇರಿಯಲ್ಲಿ ಯಾರಿಗೂ ಸಿಕ್ಕಿದ್ದಿಲ್ಲ. ನಾನು ಸಂತುಷ್ಟನಾಗಿ ಹಿಂತಿರುಗಿದೆ.

ಕಾಲೇಜಿನ ಬೀದಿಯ ತುಂಬ ಅಭಿಮಾನ ತರಬೇತಿ ಕೇಂದ್ರಗಳಿದ್ದವು. ನಾವು ಗೊತ್ತುಮಾಡಿದವರನ್ನು ಎಲ್ಲರೂ ಚಪ್ಪಾಳೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹಿಂದೆ ಈಜು ಕಲಿಸುತ್ತಿದ್ದವರು. ಮುಳುಗುವವರ ಕೂಗಿನ ಬಗ್ಗೆ ಅವರಿಗೆ ಅಪಾರ ಅನುಭವವಿತ್ತು. ಲಾಂಡ್ರಿಯ ಹಿಂದಿನ ಕೋಣೆಗೆ ಬಂದು, ಅಂಗಿಗಳನ್ನು ಬದಿಗೆ ಸರಿಸಿ, ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಭಾವ ಚಪ್ಪಾಳೆ ತಟ್ಟಿದರು.

"ಒದ್ದೆ ಬಟ್ಟೆ ಕಲ್ಲಿಗೆ ಬಡಿದ ಹಾಗಿದೆ" ಎಂದರು ಮೇಷ್ಟ್ರು. "ಕೈಯಲ್ಲಿ ಭಕ್ತಿ ಇಲ್ಲ."

ನನ್ನ ಕಿರುಚಾಟ ಕೇಳಿ, ಅದರಲ್ಲಿ ಅರ್ಜಿದಾರನ ಧ್ವನಿ ಇದೆ, ಅಭಿಮಾನಿಯದಿಲ್ಲ ಎಂದರು. ಎಲ್ಲಕ್ಕಿಂತ ಕಷ್ಟವಾದದ್ದು ನನ್ನ ತಂಗಿಯ ಪ್ರಕರಣ. ಅವಳು ಮಗಳನ್ನು ನೋಡಿ ಕಿರುಚುವ ಬದಲು, ಮುಂದೆ ಹೋಗಿ ಅವಳ ಹಣೆಯ ಮೇಲಿನ ಕೂದಲು ಸರಿಮಾಡಿದಳು.

"ಅಮ್ಮಾ, ತಾಯ್ತನ ಸೋರ್ತಾ ಇದೆ. ಈ ಹುಡುಗೀನ ನೀವು ಹೆತ್ತಿಲ್ಲ. ಪೋಸ್ಟರಲ್ಲಿ ನೋಡಿದ್ದೀರಿ, ಅಷ್ಟೆ. ಮನೇಲೂ ಹಾಗೇ ಇರಿ, ಅಭ್ಯಾಸ ಆಗುತ್ತೆ."

ತಂಗಿ ಹಿಡಿದ ಕೆಲಸ ಬಿಡುವವಳಲ್ಲ. ಮರುದಿನದಿಂದಲೇ ಮಗಳನ್ನು ಬಹುವಚನದಲ್ಲಿ ಮಾತಾಡಿಸಿದಳು. ಪೀಪಿ ಒದ್ದೆ ತಲೆಯಲ್ಲಿ ಓಡಾಡಿದರೂ ಬೈಯಲಿಲ್ಲ, ತಟ್ಟೆಯಲ್ಲಿ ಅರ್ಧ ಊಟ ಬಿಟ್ಟೆದ್ದರೂ ಕೇಳಲಿಲ್ಲ. ಆ ಎಂಜಲು ತಟ್ಟೆಯನ್ನು ತೊಳೆಯದೆ ಕಪಾಟಿನಲ್ಲಿ ಜೋಪಾನವಾಗಿಟ್ಟಳು. ನಾಲ್ಕೈದು ದಿನ ಸಹಿಸಿಕೊಂಡ ಹುಡುಗಿ ಒಂದು ಬೆಳಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಮ್ಮಾ, ಒಂದ್ಸಲ ಬೈಯಮ್ಮ."

ತಂಗಿ ಸೌಟು ಕೆಳಗಿಟ್ಟಳು. "ನನ್ನ ಹತ್ರ ಮಾತಾಡಿದ್ರು" ಎಂದು ಗೋಡೆಗೆ ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅದು ಅಭ್ಯಾಸದ ಅಳುವೋ ನಿಜವಾದದ್ದೋ ನಮಗೆ ಗೊತ್ತಾಗಲಿಲ್ಲ. ಮೇಷ್ಟ್ರು ಮಾತ್ರ ಕಣ್ಣೀರಿನ ವಿಭಾಗ ಮುಗಿಯಿತು, ಇನ್ನು ಇದಕ್ಕೆ ಕೈ ಹಚ್ಚಬೇಡಿ ಎಂದರು.

ಉಳಿದದ್ದು ಮೂರ್ಛೆ. ಇದಕ್ಕೆ ಭಾವನ ಅಕ್ಕನನ್ನು, ಅಂದರೆ ಪೀಪಿಯ ಸೋದರತ್ತೆಯನ್ನು ನೇಮಿಸಲಾಯಿತು. ಆಕೆ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೌಂಟರಿನವರು. ಹೊಗಳಿದರೆ ಹಲ್ಲು ಉದುರುತ್ತದೆ ಎಂದು ನಂಬಿದವರ ಹಾಗೆ ಬದುಕಿದವರು. ಪೀಪಿ ಹಾಡಲು ಶುರುಮಾಡಿದರೆ "ಸಾಕು, ನೆಂಟರು ಎದ್ದುಹೋಗ್ತಾರೆ" ಎನ್ನುತ್ತಿದ್ದರು. ಮೂರ್ಛೆಯಲ್ಲಿ ಬಾಯಿಬಿಟ್ಟು ಹೊಗಳುವ ಅಗತ್ಯವಿಲ್ಲವಾದ್ದರಿಂದ ಅವರು ಒಪ್ಪಿದರು. ಕೌಂಟರಿನ ಕಿಟಕಿಯಿಂದ ಸಾಲಿನಲ್ಲಿ ನಿಂತು ನಿಂತು ಬೀಳುವವರನ್ನು ನೋಡಿ ನೋಡಿ ಅವರಿಗೆ ಅದರ ಒಳಗುಟ್ಟು ಗೊತ್ತಿತ್ತು. ಮೊದಲ ದಿನವೇ ಇಸ್ತ್ರಿ ಅಂಗಿಗಳ ಮೇಲೆ ಎಷ್ಟು ಚೆನ್ನಾಗಿ ಬಿದ್ದರೆಂದರೆ, ಮೇಷ್ಟ್ರು ಚಪ್ಪಲಿ ಬಿಚ್ಚಿ ನಿಂತುಕೊಂಡರು.

ಹೀಗೆ ಕೋಣೆಯೆಲ್ಲ ತರಬೇತಿಗೆ ಬೇಕಾಯಿತು. ಒಂದು ದಿನ ಪೀಪಿ, "ಮೇಷ್ಟ್ರೇ, ನಾನೂ ಸ್ವಲ್ಪ ಹಾಡಿ ನೋಡ್ಲಾ?" ಎಂದು ಕೇಳಿದಳು.

"ಮಗೂ, ನಿನ್ನ ಗಂಟಲು ನಿನ್ನ ಹತ್ರಾನೇ ಇದೆ, ಎಲ್ಲಿಗೂ ಓಡಿಹೋಗಲ್ಲ. ಇವರದ್ದು ಬೆಳೆಸಿದ ಅಭಿಮಾನ. ಒಂದು ದಿನ ಬಿಟ್ರೆ ಹಳಸುತ್ತೆ."

ಮಾತು ಸರಿಯಾಗಿತ್ತು. ಭಾವ ಚಪ್ಪಾಳೆಯಲ್ಲಿದ್ದುದರಿಂದ ಇಸ್ತ್ರಿ ಪೆಟ್ಟಿಗೆ ಪೀಪಿಯ ಕೈಗೆ ಬಂತು. ಅವಳು ತುಟಿ ಬಿಗಿಹಿಡಿದು, ಅತ್ತೆ ಮುದುರಿದ ಅಂಗಿಗಳನ್ನು ಮತ್ತೆ ಮತ್ತೆ ಉಜ್ಜುತ್ತಿದ್ದಳು.

ಆಡಿಷನ್ನಿನ ದಿನ ಕಾಲೇಜಿನ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕುಟುಂಬ ಗುಂಪಾಗಿ ಕೂತು ಕಣ್ಣಿಗೆ ಈರುಳ್ಳಿ ಹಿಂಡಿಕೊಳ್ಳುತ್ತಿತ್ತು; ಮೇಷ್ಟ್ರು ಅವರನ್ನು ನೋಡಿ, ಹಳೇ ಪದ್ಧತಿ ಎಂದು ಮರುಗಿದರು. ಗಿಟಾರು ಹಿಡಿದ ಯುವಕನೊಬ್ಬ ಒಂಟಿಯಾಗಿ ಬಾಗಿಲಿಗೆ ಬಂದ.

"ನಿಮ್ಮ ಜನ ಎಲ್ಲಿ?" ಎಂದ ಜವಾನ.

"ಯಾರೂ ಇಲ್ಲ. ನಾನೊಬ್ಬನೇ ಬಂದಿದ್ದೀನಿ."

"ಹಾಗಾದ್ರೆ ನೀವು ಬಂದಿಲ್ಲ" ಎಂದು ಜವಾನ ಸಮಾಧಾನವಾಗಿ ವಿವರಿಸಿದ. ಯುವಕ ಒಪ್ಪಿಕೊಂಡು ಹೊರಟುಹೋದ.

ಸಭಾಂಗಣದಲ್ಲಿ ಪರೀಕ್ಷಕರ ಕುರ್ಚಿಗಳು ವೇದಿಕೆಗೆ ಬೆನ್ನುಹಾಕಿ ನಮ್ಮ ಕಡೆ ತಿರುಗಿದ್ದವು. ಅವರ ಹಿಂದೆ, ಎತ್ತರದಲ್ಲಿ, ಪೀಪಿ ಬಂದು ನಿಂತಳು. ತಾನೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದಳು. ಪರೀಕ್ಷಕರ ಮಂಡಳಿಯ ಅಧ್ಯಕ್ಷೆ ಗಂಟೆ ಒತ್ತಿದರು. ನಾವು ಸಿಡಿದೆವು. ಭಾವನ ಕೈಯಲ್ಲಿ ಭಕ್ತಿ ಬಂದಿತ್ತು. ತಂಗಿ, ಯಾವ ಜನ್ಮದಲ್ಲೂ ಈ ಹುಡುಗಿಯ ಮೂಗು ಒರೆಸಿದವಳಲ್ಲ ಎಂಬಂತೆ ಅತ್ತಳು. ಅತ್ತೆ ಒಂದು ಬಾರಿ ವೇದಿಕೆ ನೋಡಿದರು, ಮಂಡಿ ಸಡಿಲವಾಯಿತು, ಸೊಂಟ ಬಾಗಿತು, ತಲೆ ಎಲ್ಲಕ್ಕಿಂತ ಕೊನೆಗೆ ನೆಲ ಸೇರಿತು. ಪರೀಕ್ಷಕರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು.

ಕಿರುಚಿ ಕಿರುಚಿ ಪಕ್ಕೆ ಹಿಡಿದುಕೊಂಡಿದ್ದರಿಂದ ನಾನು ಉಸಿರೆಳೆಯಲು ನಿಂತೆ. ಆ ಸಂದಿಯಲ್ಲಿ ಒಂದು ಸಾಲು ಕಿವಿಗೆ ಬಿತ್ತು.

"ಮಡಿಚಿಟ್ಟ ಅಂಗಿಯೊಳಗೆ ಯಾರೂ ಇಲ್ಲ, ಆದರೂ ತೋಳು ಇನ್ನೂ ಬೆಚ್ಚಗಿದೆ."

ಪೀಪಿ ಕಣ್ಣುಮುಚ್ಚಿ ಹಾಡುತ್ತಿದ್ದಳು. ಮೈ ಜುಮ್ಮೆಂದಿತು. ಎಂಥ ದನಿ ಅದು. ಇನ್ನೊಂದು ಸಾಲು ಕೇಳೋಣ ಎನ್ನಿಸಿತು, ಸುಳ್ಳು ಯಾಕೆ ಹೇಳಲಿ. ಅವಳು ಕಣ್ಣು ತೆರೆದು, ಸುಮ್ಮನಿದ್ದ ನನ್ನನ್ನು ನೋಡಿದಳು. ಅಷ್ಟರಲ್ಲಿ ಅಧ್ಯಕ್ಷೆಯ ದೃಷ್ಟಿಯೂ ನನ್ನ ಮೇಲೆ ಬಿದ್ದದ್ದರಿಂದ ನಾನು ಕೂಡಲೇ ಪಕ್ಕೆ ಮುಟ್ಟಿ ತೋರಿಸಿ, ಮೊದಲಿಗಿಂತ ಜೋರಾಗಿ ಕಿರುಚಿದೆ.

ಫಲಿತಾಂಶ ಫಲಕದಲ್ಲಿ ಹೀಗಿತ್ತು: ಮೂರ್ಛೆಯಲ್ಲಿ ಅತ್ಯುನ್ನತ ಸಾಧನೆ ತೋರಿದ ಸೋದರತ್ತೆಗೆ ಪದವಿ ತರಗತಿಗೆ ನೇರ ಪ್ರವೇಶ. ಅಭ್ಯರ್ಥಿಯು ಹಾಡಿದರೆಂಬುದಕ್ಕೆ ಸಾಕ್ಷ್ಯಾಧಾರ ಲಭ್ಯವಿಲ್ಲದ ಕಾರಣ ಅನುತ್ತೀರ್ಣ.

ಅತ್ತೆ ಉಂಡೂ ಹೋದರು, ಕೊಂಡೂ ಹೋದರು ಎಂದು ತಂಗಿ ಗೊಣಗಿದಳು. ಅತ್ತೆಗೇನೋ ಮುಜುಗರವಾಯಿತು, ಆದರೆ ಸೀಟು ಸೀಟೇ ಅಲ್ಲವೇ? ನಾನು ಪೀಪಿಯನ್ನು ಕರೆದುಕೊಂಡು ಮೇಲ್ಮನವಿ ಅಧಿಕಾರಿಯ ಬಳಿಗೆ ಹೋದೆ. ಅವರು ನಮಗೆ ಕುರ್ಚಿ ತೋರಿಸಿದರು, ನೀರು ಕೊಡಿಸಿದರು. ಸಜ್ಜನ ಮನುಷ್ಯ.

"ಹುಡುಗಿ ಹಾಡಿದ್ದು ನಿಜಾನಾ?"

"ನಿಜ ಸಾರ್."

"ಯಾರಾದ್ರೂ ಕೇಳಿದ್ರಾ? ಕೇಳಿದ್ರೆ ಅವಳು ಹಾಡಿದ್ದು ಸಾಬೀತಾಗುತ್ತೆ. ಆದ್ರೆ ಕೇಳಿದ್ದು ಅಕ್ರಮ, ಹಾಗಾಗಿ ನಿಮ್ಮ ತಂಡದ ಫಲಿತಾಂಶವೆಲ್ಲ ರದ್ದು. ಆ ಮೂರ್ಛೆ ಹೋದ ಹೆಂಗಸಿನ ಸೀಟೂ ಹೋಗುತ್ತೆ, ಇವಳಿಗೂ ಸಿಗಲ್ಲ. ಯೋಚನೆ ಮಾಡಿ ಹೇಳಿ."

ಪೀಪಿ ನನ್ನ ಮುಖ ನೋಡಿದಳು. ಸರ್ಕಾರಿ ಕೆಲಸದಲ್ಲಿ ತಲೆಗೂದಲು ಉದುರಿಸಿಕೊಂಡವನಿಗೆ ಯಾವ ಪ್ರಶ್ನೆಗೆ ಯಾವ ಉತ್ತರ ಎಂಬುದು ತಿಳಿದಿರುತ್ತದೆ.

"ಯಾರೂ ಕೇಳಿಲ್ಲ ಸಾರ್" ಎಂದೆ.

"ಹಾಗಾದ್ರೆ ಸಾಕ್ಷಿ ಇಲ್ಲ ಅಂತ ನೀವೂ ಒಪ್ಪಿದ ಹಾಗಾಯ್ತು" ಎಂದು ಅವರು ಸಂತೋಷದಿಂದ ಕೈಕುಲುಕಿದರು.

ಮೆಟ್ಟಿಲಿಳಿಯುವಾಗ ಪೀಪಿ, "ನೀವು ಕೇಳಿದ್ರಿ ಮಾವ" ಎಂದಳು.

"ಒಂದು ಸಾಲು."

"ಹೇಗಿತ್ತು?"

ಹಿಂದೆ ಮುಂದೆ ಕಾಲೇಜಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಚೆನ್ನಾಗಿತ್ತು ಕಣಮ್ಮ" ಎಂದು ಮೆಲ್ಲಗೆ ಹೇಳಿದೆ. ಅವಳು ನಕ್ಕಳು.

ಅತ್ತೆ ಆಸ್ಪತ್ರೆಗೆ ರಜೆ ಹಾಕಿ ಕಾಲೇಜು ಸೇರಿದರು. ಆರು ತಿಂಗಳಿಗೆ ಅವರ ವೇದಿಕೆ ಪರೀಕ್ಷೆ ಬಂತು. ಅದಕ್ಕೂ ಅಭಿಮಾನಿಗಳು ಬೇಕಿತ್ತು. ಅವರೇ ಲಾಂಡ್ರಿಗೆ ಬಂದು, ಜೀವನದಲ್ಲಿ ಮೊದಲ ಬಾರಿಗೆ ಪೀಪಿಯ ಕೈಹಿಡಿದರು.

"ನೀನು ಬರದಿದ್ರೆ ನಾನು ಫೇಲು ಕಣೆ. ಒಂದ್ಸಲ ಕಿರುಚಿಬಿಡು."

"ಆಯ್ತು ಅತ್ತೆ" ಎಂದಳು ಹುಡುಗಿ. ಅವಳು ಯಾರಿಗೂ ಇಲ್ಲವೆಂದವಳಲ್ಲ.

ಅಂದು ಅತ್ತೆ ವೇದಿಕೆಯ ಮೇಲೆ ಚೀಟಿ ಕೊಡುವ ಮುಖದಲ್ಲೇ ನಿಂತಿದ್ದರು. ಗಂಟೆಯಾಯಿತು. ನಾವೆಲ್ಲ ನಮ್ಮ ನಮ್ಮ ಕೆಲಸ ಆರಂಭಿಸಿದೆವು. ಆಮೇಲೆ ಪೀಪಿ ಬಾಯಿ ತೆರೆದಳು. ಆ ಕೂಗು ನನ್ನ ಪಕ್ಕದಿಂದಲೇ ಎದ್ದಿತು. ಭಾವನ ಚಪ್ಪಾಳೆ ನಿಂತುಹೋಯಿತು, ತಂಗಿಯ ಅಳು ನಿಂತುಹೋಯಿತು, ಓಣಿಯಲ್ಲಿ ಕಾಯುತ್ತಿದ್ದವರು ಬಾಗಿಲಿಗೆ ಬಂದು ಇಣುಕಿದರು. ಕೂಗು ಏರುತ್ತಲೇ ಹೋಯಿತು. ಅವಳ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ತಂಗಿಗೆ ತಡೆಯಲಾಗಲಿಲ್ಲ. "ಸಾಕು ಬಿಡೇ, ಗಂಟಲು ಹರೀತದೆ" ಎಂದು ಗದರಿದಳು. ಅದು ನಿಯಮದ ಉಲ್ಲಂಘನೆ. ಅದೃಷ್ಟಕ್ಕೆ ನನ್ನ ಹೊರತು ಯಾರಿಗೂ ಕೇಳಿಸಲಿಲ್ಲ. ಪರೀಕ್ಷಕರು ಪೆನ್ನು ಕೆಳಗಿಟ್ಟು, ಮೊದಲಿನಿಂದ ಕೊನೆಯವರೆಗೂ ಅಲ್ಲಾಡದೆ ಕೇಳಿದರು.

"ಇಂಥ ಕಂಠ ಇದುವರೆಗೆ ಎಲ್ಲಿತ್ತು?" ಎಂದರು ಅಧ್ಯಕ್ಷೆ. ಪೀಪಿಯ ಪ್ರವೇಶವನ್ನು ಅಲ್ಲೇ ಘೋಷಿಸಿದರು.

ಡಾಕ್ಟರು ಪೀಪಿಯ ಗಂಟಲಿಗೆ ದೀಪ ಹಿಡಿದು ನೋಡಿ, ಮಾತು ಸ್ವಲ್ಪ ದಿನದಲ್ಲಿ ಬರಬಹುದು, ಹಾಡು ಇನ್ನು ಬರುವುದಿಲ್ಲ ಎಂದಿದ್ದಾರೆ. ಈ ಬಗ್ಗೆ ಕಾಲೇಜನ್ನು ವಿಚಾರಿಸಲಾಗಿ, ಹಾಡಲು ಬಾರದಿರುವುದು ಸದರಿ ಪದವಿಗೆ ಅಡ್ಡಿಯಲ್ಲವೆಂದು ಸ್ಪಷ್ಟಪಡಿಸಿದರು. ಮನೆಯಲ್ಲಿ ಎಲ್ಲರಿಗೂ ನಿರಾಳವಾಯಿತು. ಅತ್ತೆ, ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿಬರಬಹುದು ಎಂದರು. ಸೇರ್ಪಡೆಯ ದಿನ ಕೌಂಟರಿನ ಹೆಂಗಸು, ಅಭ್ಯರ್ಥಿಗೆ ಸಂತೋಷವಾಗಿದೆಯೇ ಎಂದು ನಿಯಮದಂತೆ ಕೇಳಿದರು. ಪೀಪಿ ಬಾಯಿ ತೆರೆದಳು, ಗಾಳಿ ಮಾತ್ರ ಬಂತು. ಹಿಂದೆ ಸಾಲು ಬೆಳೆಯುತ್ತಿತ್ತು. ಪೋಷಕರ ಪರವಾಗಿ ಹಾಜರಿದ್ದ ನಾನು, ಆಗಿದೆ ಎಂದು ಉತ್ತರಿಸಿದೆ.