ಐಸ್ ಹಾಕಿ ಕಳಿಸಿದ ಇತಿಹಾಸ

ರೂಬೆನನಿಗೆ ಬೇಕಾಗಿದ್ದದ್ದು ಒಂದು ಸಹಿ. ಅವನ ಮುದೀರ್, ಅಂದರೆ ಮೇಲಧಿಕಾರಿಗೆ ಬೇಕಾಗಿದ್ದದ್ದು ಒಂದು ಇತಿಹಾಸ.

ಬೆಳಿಗ್ಗೆ ರಜೆ ಅರ್ಜಿ ಹಿಡಿದು ಹೋದವನಿಗೆ ಮುದೀರ್ ತಲೆ ಎತ್ತದೆಯೇ ಹೇಳಿದ, "ಸಂಜೆ ರಿಂಕಿನಲ್ಲಿ ಪಂದ್ಯ. ಚೇರ್ಮನ್ ಬರ್ತಾರೆ. ನಮ್ಮ ಯುನಿವರ್ಸಿಟಿಯ ಐಸ್ ಹಾಕಿ ಟೀಮಿನ ಇತಿಹಾಸ ಓದಬೇಕು. ಮೊದಲು ಇತಿಹಾಸ, ಆಮೇಲೆ ಸಹಿ. ಯಲ್ಲಾ, ಬೇಗ."

ಇತಿಹಾಸ ಇದ್ದರಲ್ಲವೇ ಓದುವುದು? ಹೊರಗೆ ಡಾಂಬರು ಕರಗುವ ಕುವೈತಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಆಡುವ ಆ ಟೀಮು ಹುಟ್ಟಿ ಹತ್ತು ವರ್ಷವಾಗಿತ್ತು. ಅದು ಸೋಲದೆ ಉಳಿದದ್ದು ಒಂದೇ ದಿನ. ಅವತ್ತು ರಿಂಕಿನ ಮೆಷಿನ್ ಕೆಟ್ಟು ಐಸ್ ನೀರಾಗಿತ್ತು.

ಇತ್ತ ಬರುವ ಭಾನುವಾರ ಊರಿನಲ್ಲಿ ರೂಬೆನನ ನಿಶ್ಚಿತಾರ್ಥ. ರಜೆ ಸಿಗದೆ ಅದು ಎರಡು ಸಲ ಮುಂದೆ ಹೋಗಿತ್ತು. ಹುಡುಗಿ ಜಾನಿಸ್ ಸಹಿಸಿಕೊಂಡಿದ್ದಳು. ಅವಳ ತಾಯಿ ಒಲಿಂಡಾ ಟೀಚರ್ ಸಹಿಸುವ ಪೈಕಿ ಅಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಸಮಾಧಾನದಲ್ಲಿದ್ದರೆ ಕೊಂಕಣಿ, ಸಿಟ್ಟು ಬಂದರೆ ಕನ್ನಡ. ಕಳೆದ ಸಲ "ಇನ್ನು ಕಾಯುವುದಿಲ್ಲ, ಬೇರೆ ಹುಡುಗನನ್ನು ನೋಡುತ್ತೇವೆ" ಎಂದು ಶುದ್ಧ ಕನ್ನಡದಲ್ಲಿ ಹೇಳಿ ಫೋನಿಟ್ಟಿದ್ದರು.

ಪಕ್ಕದ ಮೇಜಿನ ಲೊರೈನ್ ಕೇಳದೆಯೇ ಸಹಾಯಕ್ಕೆ ಬಂದಳು. "ಸೋತದ್ದನ್ನು ಸೋತದ್ದು ಅಂತ ಬರೀತಾರಾ ಮಾರಾಯ್ರೆ? 'ಅನುಭವ ಗಳಿಸಿತು' ಅಂತ ಬರೀರಿ."

ಹಾಗೆ ಬರೆದು ನೋಡಿದರೆ ಅಷ್ಟು ಅನುಭವಿ ಟೀಮು ಇಡೀ ಕೊಲ್ಲಿಯಲ್ಲೇ ಇರಲಿಲ್ಲ.

"ಬರೀ ಬಾಯಲ್ಲಿ ಹೇಳಿದ್ರೆ ಆಗುದಿಲ್ಲ, ತೋರಿಸ್ಲಿಕ್ಕೂ ಏನಾದ್ರೂ ಬೇಕು," ಅಂದಳು ಲೊರೈನ್.

ಟೀಮಿನ ಹಳೆಯ ಜೆರ್ಸಿ, ಸ್ಟಿಕ್ಕು, ಫೋಟೋ ಎಲ್ಲ ಸುಲೈಬಿಯಾದ ಗೋದಾಮಿನಲ್ಲಿದ್ದವು. ಕ್ಯಾಂಟೀನಿನ ಮೀನು ಮಾಂಸದ ಫ್ರೀಜರುಗಳೂ ಅಲ್ಲೇ. ಎರಡನ್ನೂ ಕಾಯುವವರು ಉಪ್ಪಿನಂಗಡಿಯ ಅಬ್ದುಲ್ ಸಲಾಂ. ಅವರ ಮನೆಮಾತು ಬ್ಯಾರಿ, ಇವನದು ಕೊಂಕಣಿ, ಹಾಗಾಗಿ ಇಬ್ಬರ ನಡುವೆ ಕನ್ನಡ. ರೂಬೆನ್ ಫೋನ್ ಮಾಡಿದ.

"ಸಲಾಂ ಭಾಯಿ, ಐಸ್ ಹಾಕಿ ಹಳೇ ಮಾಲೆಲ್ಲ ಸಂಜೆಯೊಳಗೆ ರಿಂಕಿಗೆ ಕಳಿಸಿ."

"ಹಳೇದಾ? ಐಸ್ ಹಾಕಿದ್ದೇ ಅಲ್ವಾ?"

"ಹೌದು ಮಾರಾಯ್ರೆ, ಐಸ್ ಹಾಕಿದ್ದೇ."

"ಆಯ್ತು. ಖಾಲಿ ಆದ್ರೆ ನನಗೂ ಒಳ್ಳೇದೇ," ಅಂದರು ಸಲಾಂ.

ಸಂಜೆ ರೂಬೆನ್ ನಡುಗುತ್ತಾ ಇತಿಹಾಸ ಓದಿದ. ನಡುಕ ಅರ್ಧ ಚಳಿಯದ್ದು, ಅರ್ಧ ಸುಳ್ಳಿನದ್ದು. ಚೇರ್ಮನ್ ಅನುಭವಕ್ಕೊಮ್ಮೆ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಪೆಟ್ಟಿಗೆಗಳು ಬಂದವು. ಮುದೀರ್ ಹೆಮ್ಮೆಯಿಂದ ಒಂದರ ಮುಚ್ಚಳ ತೆಗೆದ.

ಐಸಿನ ನಡುವಿನಿಂದ ಒಂದು ದೊಡ್ಡ ಅಂಜಲ್ ಮೀನು ಚೇರ್ಮನ್ನರನ್ನು ದುರುಗುಟ್ಟಿ ನೋಡುತ್ತಿತ್ತು.

"ಇದೇನು?" ಅಂದರು ಚೇರ್ಮನ್.

ರೂಬೆನನಿಗೆ ಜಾನಿಸ್ ಕಣ್ಣ ಮುಂದೆ ಬಂದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂದುಕೊಂಡು ಬಾಯಿಬಿಟ್ಟ. "ಸಂಪ್ರದಾಯ ಸರ್. ಪಂದ್ಯದ ದಿನ ಮೀನು ಫ್ರೈ. ಟೀಮು ಹುಟ್ಟಿದಾಗಿನಿಂದಲೂ ಉಂಟು."

ಅಲ್ಲಿಗೆ ನಿಂತಿದ್ದರೆ ಬಚಾವಾಗುತ್ತಿದ್ದ. ಲೊರೈನ್ ಸುಮ್ಮನಿರಬೇಕಲ್ಲ? "ಹುರಿಯುದು ರೂಬೆನ್ನೇ ಸರ್. ಬೇರೆಯವರು ಹುರಿದ್ರೆ ಹುಡುಗರು ಮುಟ್ಟುದೇ ಇಲ್ಲ," ಅಂದಳು.

ಮೊಟ್ಟೆ ಬೇಯಿಸಲೂ ಬಾರದ ರೂಬೆನ್ ರಿಂಕಿನ ಅಡುಗೆಕೋಣೆಗೆ ಹೋಗಿ ಮೀನು ಹುರಿದ. ಅತಿಥಿಗಳಿಗೆ ಮೊದಲು ಎಂದು ತಟ್ಟೆಗಳೆಲ್ಲ ಎದುರಾಳಿ ಟೀಮಿನ ಮುಂದೆ ಹೋದವು. ಪಾಪ, ಆ ಹುಡುಗರು ಚಪ್ಪರಿಸಿ ತಿಂದರು. ಸಲಾಂ ಭಾಯಿಯ ಮಾಲು ಎಷ್ಟು ಹಳೆಯದೆಂಬುದು ಪಂದ್ಯದ ನಡುವೆ ತಿಳಿಯಿತು. ಮೊದಲು ಗೋಲ್‌ಕೀಪರ್ ಸ್ಕೇಟ್ಸ್ ಸಮೇತ ಶೌಚಾಲಯಕ್ಕೆ ಓಡಿದ, ಹಿಂದೆಯೇ ಉಳಿದವರು. ಖಾಲಿ ರಿಂಕಿನಲ್ಲಿ ನಮ್ಮ ಟೀಮು ಗೋಲಿನ ಮೇಲೆ ಗೋಲು ಹೊಡೆಯಿತು.

ಹತ್ತು ವರ್ಷದಲ್ಲಿ ಮೊದಲ ಗೆಲುವು. ಚೇರ್ಮನ್ನರ ಕಣ್ಣಲ್ಲಿ ನೀರು. "ಸಂಪ್ರದಾಯದ ಶಕ್ತಿ ನೋಡಿ. ಬರುವ ಭಾನುವಾರ ಇನ್ನೊಂದು ಪಂದ್ಯ ಇಡಿ. ಮೀನು ಇವನೇ ಹುರಿಯಬೇಕು."

"ಸರ್, ಭಾನುವಾರ ನನ್ನ ರಜೆ..." ಅಂದ ರೂಬೆನ್.

"ರಜೆ ಖಲಾಸ್," ಅಂದ ಮುದೀರ್. ಕೊಟ್ಟ ಮಾತಿನಂತೆ ಸಹಿಯನ್ನೂ ಹಾಕಿದ, ರೂಬೆನನನ್ನು ಮೀನಿನ ಉಸ್ತುವಾರಿಗೆ ನೇಮಿಸಿದ ಆದೇಶಕ್ಕೆ.

ಮಾಡಿದ್ದುಣ್ಣೋ ಮಹಾರಾಯ. ಮೈಯೆಲ್ಲ ಮೀನಿನ ವಾಸನೆ ಹೊತ್ತು ಮಹಬೂಲಾದ ರೂಮಿಗೆ ಬಂದ ರೂಬೆನ್ ಜಾನಿಸಳ ಮನೆಗೆ ಫೋನ್ ಮಾಡಿದ. ಐಸ್ ಹಾಕಿ, ಅಂಜಲ್, ಗೆಲುವು, ಎಲ್ಲವನ್ನೂ ಕೊಂಕಣಿಯಲ್ಲಿ ಒಪ್ಪಿಸಿ, ಇನ್ನೊಂದೇ ಒಂದು ಸಲ ಮುಂದೆ ಹಾಕೋಣ ಎಂದು ಬೇಡಿಕೊಂಡ.

ಒಲಿಂಡಾ ಟೀಚರ್ ಕನ್ನಡದಲ್ಲಿ ಕೇಳಿದರು.

"ನನ್ನ ಮಗಳೇನು ಅಂಜಲ್ ಮೀನಾ ರೂಬೆನ್, ಪ್ರತಿ ಸಲ ಐಸ್ ಹಾಕಿ ಇಡುವುದಕ್ಕೆ?"