ಜೆಪೆಗ್ ಪದಚ್ಯುತಿ ಚಳವಳಿ

ಬಸವಾಪಟ್ಟಣದಲ್ಲಿ ಕ್ರಾಂತಿ ಮಾಡುವುದು ಕಷ್ಟ. ಅದಕ್ಕೆ ಜನ ಬೇಕು. ನನ್ನ ಕಡೆ ನಾನೊಬ್ಬನೇ ಇದ್ದೆ.

ಮೊಬೈಲಿನ ಫೋಟೊಗಳ ಹೆಸರಿಗೆ ಜೆಪೆಗ್ ಎಂಬ ಬಾಲವಿರುತ್ತದೆ. ಮೂವತ್ತು ವರ್ಷಗಳಿಂದ ಜಗತ್ತಿನ ಫೋಟೊಗಳನ್ನು ಆಳುತ್ತಿರುವುದು ಅದೇ. ಅರ್ಧ ಜಾಗದಲ್ಲೇ ಹೆಚ್ಚು ಸ್ಪಷ್ಟ ಚಿತ್ರ ಕೊಡುವ ಹೊಸ ಫಾರ್ಮ್ಯಾಟ್ ಬಂದಿದೆ ಎಂದು ಓದಿದ್ದೇ ತಡ, ಒಂದು ಭಾನುವಾರ ಕೂತು ಮನೆಯ ನಾಲ್ಕು ಸಾವಿರ ಫೋಟೊಗಳನ್ನು ಅದಕ್ಕೆ ಬದಲಾಯಿಸಿ, ಹಳೆಯವನ್ನು ಅಳಿಸಿದೆ. (ಹೆಂಡತಿಯನ್ನು ಕೇಳಲಿಲ್ಲ. ಕ್ರಾಂತಿಕಾರಿಗಳು ಕೇಳುವುದಿಲ್ಲ.) ಹೊನ್ನಾಳಿಯ ಷಡ್ಡಕನಿಗೆ, ನ್ಯಾಮತಿಯ ನಾದಿನಿಗೆ, ಜಗಳೂರಿನ ಸೋದರಮಾವನಿಗೆ ಮಾದರಿ ಕಳಿಸಿದೆ. ಮೂವರೂ "ಓಪನ್ ಆಗ್ತಿಲ್ಲ" ಎಂದರು. ಮಾವ ಜೊತೆಗೊಂದು ಗುಡ್ ಮಾರ್ನಿಂಗ್ ಗುಲಾಬಿ ಕಳಿಸಿದರು. ಅದು ತಕ್ಷಣ ತೆರೆದುಕೊಂಡಿತು.

ಅದೇ ವಾರ ನನ್ನ ಹೆಂಡತಿ ಹೇಮಾವತಿ ಊರಿನ ಮಹಿಳಾ ಹಾಲು ಸಂಘದ ಅಧ್ಯಕ್ಷೆಯಾದಳು. ಸನ್ಮಾನದ ಬೆಳಿಗ್ಗೆ ಡೇರಿ ಮುಂದೆ ಫ್ಲೆಕ್ಸ್ ನಿಲ್ಲಬೇಕು: ಮೇಲೆ ಅವಳು, ಕೆಳಗೆ ಶುಭ ಕೋರುವವರ ಸಾಲು. ಆ ಸಾಲಿನ ಮೊದಲ ಜಾಗ, ಪತಿ ಎಂಬ ಏಕೈಕ ಅರ್ಹತೆಯ ಮೇಲೆ, ನನ್ನದು. ಹದಿನೆಂಟು ವರ್ಷಗಳ ದಾಂಪತ್ಯದಲ್ಲಿ ನಾನು ಯಾವುದರಲ್ಲಾದರೂ ಮೊದಲು ಬಂದದ್ದು ಅದೇ. ಉಳಿದವರ ಫೋಟೊಗಳು ಆಗಲೇ ಅಂಗಡಿ ಸೇರಿದ್ದವು. ಸನ್ಮಾನದ ಹಿಂದಿನ ದಿನ, ನಮ್ಮಿಬ್ಬರದನ್ನು ಪೆನ್‌ಡ್ರೈವಿನಲ್ಲಿ ಹಿಡಿದು ಚನ್ನಗಿರಿಯ ಫ್ಲೆಕ್ಸ್ ಅಂಗಡಿಗೆ ಹೋದೆ.

"ಸರ್, ಇದು ತೆಗೆಯಾಕೆ ಬರಾಕಿಲ್ಲ. ಜೆಪೆಗ್ ಕೊಡ್ರಿ," ಎಂದ ಅಂಗಡಿಯ ಗೌಸ್‌ಪೀರ್.

"ಇದು ಜೆಪೆಗ್‌ಗಿಂತ ಒಳ್ಳೇದಪ್ಪ."

"ಇರಬಹುದು ಸರ್. ನಿಮಗೆ ಗೊತ್ತೈತೆ, ನನಗೂ ಈಗ ಗೊತ್ತಾತು. ಮಿಷಿನ್‌ಗೆ ಯಾರು ಹೇಳಾದು?"

"ಹೊಸ ಸಾಫ್ಟ್‌ವೇರ್ ಹಾಕ್ಕೋ."

"ನೀವೊಬ್ರು ತಂದಿದ್ದಕ್ಕಾ? ಎಲ್ಲಾರೂ ತರಲಿ, ಹಾಕ್ಕಂತೀನಿ."

"ನೀವೆಲ್ಲ ಹಾಕ್ಕೊಂಡ ಮೇಲಲ್ವಾ ಎಲ್ಲಾರೂ ತರೋದು?"

"ಹಂಗಾರೆ ಅಲ್ಲೀತನಕ ಜೆಪೆಗ್ ಕೊಡ್ರಿ."

ಈ ವಾದದಲ್ಲಿ ಎಲ್ಲೋ ತಪ್ಪಿತ್ತು. ಹುಡುಕುವಷ್ಟರಲ್ಲಿ ಹೇಮಾವತಿಯ ಫೋನ್ ಬಂತು.

"ಏನ್ರೀ, ಇನ್ನೂ ಆಗಿಲ್ವಾ? ಹಳೇ ಫೋಟೊ ಯಾವುದಾದ್ರೂ ಕೊಟ್ಟು ಬರ್ರಿ."

"ಹಳೇವೆಲ್ಲ ಅಳಿಸೀನಿ."

"ಮದುವೆ ಫೋಟೊ?"

"ಅದೂ ಹೊಸದರಾಗೈತೆ. ಭಾಳ ಸ್ಪಷ್ಟವಾಗಿ ಕಾಣ್ತೈತೆ ಕಣೆ."

"ಯಾರಿಗೆ?"

"ಸದ್ಯಕ್ಕೆ ನನಗೆ."

"ಹದಿನೆಂಟು ವರ್ಷ ನನ್ನ ನೋಡಿ ಸಾಕಾಗಿಲ್ವಾ ನಿಮಗೆ? ಊರೋರು ನೋಡಬೇಕ್ರೀ!"

ಫೋನ್ ಇಟ್ಟಳು. ಅರ್ಧ ನಿಮಿಷದಲ್ಲಿ, ಅಡುಗೆಮನೆ ಕಿಟಕಿಯ ಬೆಳಕಲ್ಲಿ ತೆಗೆದ ಅವಳ ಸೆಲ್ಫಿ ಗೌಸ್‌ಪೀರನ ವಾಟ್ಸಾಪಿಗೇ ನೇರವಾಗಿ ಬಂದು ಕೂತಿತು.

"ನಿಮ್ದೂ ಇಲ್ಲೇ ಒಂದು ಹೊಡೀಲಾ ಸರ್?" ಎಂದು ಅವನು ಮೊಬೈಲ್ ಎತ್ತಿದ.

ಯಾವ ಚಳವಳಿಯಲ್ಲೂ ಒಬ್ಬ ಬಗ್ಗದವನಿರಬೇಕು. "ಬೇಡ. ನಂದು ಹೊಸದರಾಗೇ ಬರಬೇಕು. ಹೆಂಗಾದ್ರೂ ತೆಗಿ," ಎಂದು ಹೇಳಿ ಬಸ್ ಹತ್ತಿದೆ.

ಬೆಳಿಗ್ಗೆ ಡೇರಿ ಮುಂದೆ ಫ್ಲೆಕ್ಸ್ ನಿಂತಿತ್ತು. ಮೇಲೆ ಆಳೆತ್ತರದ ಹೇಮಾವತಿ. ಕೆಳಗಿನ ಸಾಲಿನಲ್ಲಿ ಹದಿಮೂರು ಮುಖಗಳು. ಮೊದಲ ಜಾಗದಲ್ಲಿ ಮಾತ್ರ ಬೂದು ಬಣ್ಣದ ಒಂದು ಚೌಕ. ಅದರೊಳಗೆ ಎರಡು ಪುಟ್ಟ ಗುಡ್ಡ, ಮೇಲೊಂದು ಸೂರ್ಯ. ಫೋಟೊ ತೆರೆಯದಿದ್ದಾಗ ಕಂಪ್ಯೂಟರ್ ತೋರಿಸುವ ಗುರುತು. ಅದರಡಿ ದಪ್ಪ ಅಕ್ಷರಗಳಲ್ಲಿ: ಷಣ್ಮುಖಪ್ಪ, ಅಧ್ಯಕ್ಷರ ಪತಿ.

ಗೌಸ್‌ಪೀರನಿಗೆ ಫೋನ್ ಮಾಡಿದೆ. "ಹೆಂಗಾದ್ರೂ ತೆಗಿ ಅಂದ್ರಲ್ಲ ಸರ್," ಎಂದ. "ಎಷ್ಟು ತೆಗೆದ್ರೂ ನೀವು ಅಷ್ಟೇ ಬಂದ್ರಿ."

ಹಾಲು ಹಾಕಲು ಬಂದ ಗಾದ್ರಮ್ಮಜ್ಜಿ ಕನ್ನಡಕ ಏರಿಸಿ, ಒಂದೊಂದೇ ಮುಖ ನೋಡುತ್ತಾ ಬಂದು ನನ್ನ ಚೌಕದ ಮುಂದೆ ನಿಂತಳು. "ಹೇಮಾ, ಎಲ್ಲಾರಿಗಿಂತ ನಿನ್ನ ಗಂಡಂದೇ ಚೆಂದ ಬಂದೈತೆ ಕಣವ್ವಾ."

ಹೇಮಾವತಿ ಒಮ್ಮೆ ಫ್ಲೆಕ್ಸನ್ನು, ಒಮ್ಮೆ ನನ್ನನ್ನು ಸಾವಕಾಶವಾಗಿ ನೋಡಿದಳು. "ಹೌದಜ್ಜಿ. ಇದನ್ನೇ ಇಟ್ಕಂತೀನಿ," ಎಂದು ಆ ಚೌಕದ್ದೊಂದು ಫೋಟೊ ಹೊಡೆದುಕೊಂಡಳು.

ಈಗ ನಾನು ಕರೆ ಮಾಡಿದರೆ, ಅವಳ ಮೊಬೈಲಿನಲ್ಲಿ ನನ್ನ ಮುಖದ ಜಾಗದಲ್ಲಿ ಗುಡ್ಡ, ಸೂರ್ಯ ಮೂಡುತ್ತವೆ. ಜೆಪೆಗ್‌ನಲ್ಲಿ.